ಕಲ್ಲಿನ ಮೇಲಿನ ಕರೀ ಗೆರೆ

ಈ ತಿಂಗಳ ಕೊನೆಗೆ ನಮ್ಮ ಸರ್ ನಿವೃತ್ತರಾಗುತ್ತಾರೆ. ಬೀಳ್ಕೊಡುವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾತಾಡಲು ನನ್ನನ್ನು ಆರಿಸಿದ್ದಾರೆ. ನಾನು ಬುದ್ಧಿವಂತ ಎಂದಲ್ಲ. ಬುದ್ಧಿವಂತರು ಮಾತಾಡಿದರೆ ಜನ ಎದ್ದು ಹೋಗುತ್ತಾರೆ ಎಂದು.

ಗೆಳೆಯ ಪಾರಿಸ ಅಥಣಿಯಿಂದ ಫೋನ್ ಮಾಡಿದ್ದ. "ಹತ್ತ ಮಿನಿಟ್ ನಗಸು ಸಾಕು. ಆ ಸಮುದ್ರದ ಕಥಿ ಹೇಳಲೇ. ಸ್ವಲ್ಪ ಹಿಗ್ಗಿಸಿ ಹೇಳು."

ಹಿಗ್ಗಿಸುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆರು ವರ್ಷದಲ್ಲಿ ಆ ಕಥೆಯನ್ನು ನೂರು ಸಲವಾದರೂ ಹೇಳಿದ್ದೇನೆ. ಮೊದಲ ಸಲ ಹೇಳಿದಾಗ ತೆರೆ ನನ್ನ ಎತ್ತರ ಇತ್ತು, ಈಗ ಬಸ್ ನಿಲ್ದಾಣದ ನೀರಿನ ಟಾಕಿಯಷ್ಟಾಗಿದೆ. ಮೊದಲು ನಾನು ಕಣ್ಣೀರು ಹಾಕಿದ್ದೆ, ಈಗ ನಮ್ಮ ಅವ್ವನನ್ನು ಹೆಸರು ಹಿಡಿದು ಕೂಗುತ್ತೇನೆ. ಮದುವೆ ಮನೆಗಳಲ್ಲಿ ಚಡ್ಡಿ ಒದ್ದೆಯಾದ ಭಾಗವನ್ನು ಎರಡೆರಡು ಸಲ ಹೇಳಿಸುತ್ತಾರೆ. ಆದರೆ ಆ ಕಥೆಯೊಳಗೆ ನಾನು ಮಾಡಿದ ಒಂದು ತಪ್ಪು ಮಾತ್ರ ಯಾವತ್ತೂ ಹಿಗ್ಗಲಿಲ್ಲ. ಅದನ್ನು ನಾನು ಹೇಳಿಯೇ ಇಲ್ಲ.

ಸರ್ ಅವರ ಹೆಸರು ಬರೆಯುವುದಿಲ್ಲ. ನಮಗೆ ಅದು ಬೇಕಾಗಿಯೂ ಇರಲಿಲ್ಲ. ಉಳಿದವರು ಇಂಗ್ಲಿಷ್ ಸರ್, ಇತಿಹಾಸದ ಸರ್. ಬರೀ 'ಸರ್' ಅಂದರೆ ಅವರೊಬ್ಬರೇ, ಆಟ ಆಡಿಸುವವರು. ಗಿಡ್ಡ ಆಳು. ಖಾಕಿ ಚಡ್ಡಿ, ಹೆಗಲ ಮೇಲೆ ಬಾವಿ ಹಗ್ಗ. ಕೊರಳಲ್ಲಿ ಸೀಟಿ ಇತ್ತು, ಊದಿದ್ದನ್ನು ಯಾರೂ ಕೇಳಿರಲಿಲ್ಲ. ಬೇಕಾದಾಗ ಒಂದು ಚಪ್ಪಾಳೆ ತಟ್ಟುತ್ತಿದ್ದರು. ಏನು ಹೇಳುವುದಿದ್ದರೂ ಒಂದೇ ಸಲ ಹೇಳುವುದು, ಚಪ್ಪಾಳೆ ತಟ್ಟುವುದು, ಆಮೇಲೆ ಆ ಕಡೆ ತಿರುಗಿಯೂ ನೋಡದಿರುವುದು.

"ಸರ್, ನಾವು ಮಾಡೇವೋ ಇಲ್ಲೋ ನೋಡೂದಿಲ್ಲೇನ್ರಿ?" ಎಂದು ಪಾರಿಸ ಒಮ್ಮೆ ಕೇಳಿದ.

"ಯಾಕ ನೋಡ್ಲಿ? ಹೇಳೀನಲ್ಲಾ."

ಇಷ್ಟು ನಂಬುವ ಮನುಷ್ಯನ ಕೈಗೆ ನನ್ನಂಥವನು ಸಿಗಬಾರದಿತ್ತು.

ನಮ್ಮ ಸೀಮೆಯಲ್ಲಿ ಹತ್ತಲು ಗುಡ್ಡವೆಲ್ಲಿದೆ? ಅಥಣಿಯಿಂದ ಚಿಕ್ಕೋಡಿಯ ತನಕ ಕಬ್ಬು, ಜೋಳ, ಮತ್ತೆ ಕಬ್ಬು. ಸರ್ ಗುಡ್ಡವನ್ನು ನೆಲದೊಳಗೆ ಹುಡುಕಿದರು. ಕೊಕಟನೂರಿನ ದಾರಿಯಲ್ಲಿ ಒಂದು ಬತ್ತಿದ ಬಾವಿ ಇತ್ತು, ಕಲ್ಲಿನಲ್ಲಿ ಕಡಿದದ್ದು, ಐವತ್ತು ಅಡಿ ಆಳ. ರವಿವಾರ ನಮ್ಮನ್ನು ಅದರೊಳಗೆ ಇಳಿಸಿ, ಸೊಂಟಕ್ಕೆ ಹಗ್ಗ ಕಟ್ಟಿ, "ಬರ್ರಿ ಮ್ಯಾಲ" ಎಂದು ಚಪ್ಪಾಳೆ ತಟ್ಟುತ್ತಿದ್ದರು. ಉಳಿದವರು ಹಲ್ಲಿಯ ಹಾಗೆ ಬರುತ್ತಿದ್ದರು. ನಾನು ಅರ್ಧಕ್ಕೆ ಬಂದು ಕ್ಯಾಲೆಂಡರಿನ ಹಾಗೆ ತೂಗಾಡುತ್ತಿದ್ದೆ. ಮೇಲೆ ಹೋಗಲು ಕೈ ಒಲ್ಲದು, ಕೆಳಗೆ ಬರಲು ಮರ್ಯಾದೆ ಒಲ್ಲದು.

ಒಂದು ಸಲ ಹಾಗೆ ತೂಗಾಡುವಾಗ ದಾರಿಯಲ್ಲಿ ಹೋಗುತ್ತಿದ್ದ ಅಜ್ಜಿಯೊಬ್ಬಳು ಇಣುಕಿ ನೋಡಿ ಬೊಬ್ಬೆ ಹಾಕಿದಳು. ಹೊಲದಲ್ಲಿದ್ದವರೆಲ್ಲ ಹೊರಸು, ಏಣಿ ಹೊತ್ತುಕೊಂಡು ಓಡಿ ಬಂದರು. ಅಜ್ಜಿ ಬಾವಿಯ ದಂಡೆಗೆ ಕುಕ್ಕುರುಗಾಲಲ್ಲಿ ಕೂತು ನನಗೆ ಬುದ್ಧಿ ಹೇಳತೊಡಗಿದಳು.

"ಏ ತಮ್ಮಾ, ಒಂದ ಪರೀಕ್ಷಾ ನಪಾಸಾದ್ರ ಜೀವಾ ಕಳಕೋತಾರೇನೋ?"

"ನಪಾಸಾಗಿಲ್ಲಬೇ ಆಯಿ! ರಿಸಲ್ಟ್ ಇನ್ನೂ ಬಂದಿಲ್ಲ!"

"ಅಯ್ಯ ಶಿವನ! ಮದಲ ಬಂದು ಜಿಗದಾನ ನೋಡ್ರಿ!"

ಸರ್ ಅಲ್ಲೇ ನಿಂತಿದ್ದರು. ನಗಲಿಲ್ಲ, ಬಯ್ಯಲೂ ಇಲ್ಲ. ಎಲ್ಲರೂ ಹೋದ ಮೇಲೆ ನನ್ನ ಪಕ್ಕದ ಗೋಡೆಯನ್ನು ತೋರಿಸಿ, "ಅಲ್ಲಿ ಪಾಚಿ ಒಣಗಿದ ಗೆರಿ ಕಾಣತೈತೇನು?" ಎಂದರು.

"ಕಾಣತೈತ್ರಿ." ಆ ಸ್ಥಿತಿಯಲ್ಲಿ ನನಗೆ ಯಮನೂ ಕಾಣುತ್ತಿದ್ದ.

"ನೀರು ಅಲ್ಲೀ ತನಕ ಬಂದು ಹೋಗೇತಿ. ಯಾವ ವರ್ಷ ಎಷ್ಟು ಬಂದಿತ್ತು ಎಲ್ಲಾ ಬರದಿಟ್ಟೈತಿ. ಓದಾಕ ಬಂದ್ರ ನೀರಿನಷ್ಟು ಖರೇ ಹೇಳೂದು ಯಾವುದೂ ಇಲ್ಲ."

ಸರ್ ಅವರ ಊರು ರಾಯಬಾಗ ತಾಲೂಕಿನಲ್ಲಿ ಕೃಷ್ಣೆಯ ದಂಡೆಗೆ. ಸಣ್ಣವರಿದ್ದಾಗ ಮಹಾಪೂರ ಬಂದರೆ ಬೆಲ್ಲ ಕಾಯಿಸುವ ದೊಡ್ಡ ಕೊಪ್ಪರಿಗೆಯಲ್ಲಿ ಕೂತು ಓಣಿಯಿಂದ ಓಣಿಗೆ ಹೋಗುತ್ತಿದ್ದರಂತೆ. ಹುಟ್ಟು ಇರಲಿಲ್ಲ, ಹೋಳಿಗೆ ಲಟ್ಟಿಸುವ ಮಣೆಯನ್ನೇ ಆಡಿಸುತ್ತಿದ್ದರಂತೆ. ನಾನು ಕಾಲೇಜಿಗೆ ಬರುವಷ್ಟರಲ್ಲಿ ಊರಿನವರಿಗೆ ಸರ್ ಮಾತೇ ಕೊನೆಯ ಮಾತಾಗಿತ್ತು. ಹೊಳೆ ಏರಿದರೆ ಹಿರಿಯರು ಅವರ ಮನೆ ಮುಂದೆ ಬಂದು ನಿಲ್ಲುತ್ತಿದ್ದರು. ಸರ್ ಹೋಗಿ ದಂಡೆಯ ಕಲ್ಲು ನೋಡಿ, ನೊರೆ ನೋಡಿ, ಬೊಗಸೆಯಲ್ಲಿ ನೀರು ಹಿಡಿದು ಮೂಸಿ, "ಇನ್ನೊಂದು ಮೊಳ. ಮುಂದ ಬರೂದಿಲ್ಲ. ದನ ಬಿಚ್ಚಬ್ಯಾಡ್ರಿ" ಅನ್ನುತ್ತಿದ್ದರು. ಅಷ್ಟೇ ಬರುತ್ತಿತ್ತು.

ಅವರ ಹೆಂಡತಿಯನ್ನು ನಾವು ಕಾಕೂ ಅನ್ನುತ್ತಿದ್ದೆವು. "ನನ್ನ ಮಾರಿ ನೋಡಿ ನಾ ಸಿಟ್ಟಿಗೆದ್ದೀನೋ ಇಲ್ಲೋ ಇವ್ರಿಗೆ ಒಂದ ದಿನಾ ಗೊತ್ತಾಗಿಲ್ಲ," ಎನ್ನುತ್ತಿದ್ದರು ಕಾಕೂ. "ಹೊಳೀ ಮಾರಿ ಮಾತ್ರ ಬರೋಬ್ಬರಿ ಗೊತ್ತಾಗತೈತಿ."

ಸರ್‌ಗೆ ಒಂದೇ ಹುಚ್ಚು, ಸಮುದ್ರ. ಎಲ್ಲೋ ಒಂದು ಶಿಬಿರದಲ್ಲಿ ಕಯಾಕ್ ಎಂಬ ದೋಣಿ ನೋಡಿ ಬಂದಿದ್ದರು: ಕಿರಿದು, ಉದ್ದ, ಎರಡೂ ತುದಿ ಚೂಪು, ಒಳಗೆ ಕಾಲು ಚಾಚಿ ಕೂರುವಂಥದ್ದು. ಅಂಥದ್ದರಲ್ಲಿ ಸಮುದ್ರದ ಬಂಡೆಗಳ ನಡುವೆ ಹೋಗಿ, ಬಂಡೆ ಹತ್ತಿ, ಇಳಿದು ಬರಬೇಕು. ಪ್ರಾಚಾರ್ಯರನ್ನು ಎಂಟು ವರ್ಷ ಕೇಳಿದರು. ಒಂಬತ್ತನೆಯ ವರ್ಷ ಅವರು ಬೇಸತ್ತು ಒಪ್ಪಿದರು. "ಆದರ ಒಬ್ಬ ಹುಡುಗಗ ಏನರ ಆತಂದ್ರ, ಅವತ್ತಿಗೆ ಇದೆಲ್ಲಾ ಬಂದ್. ಬಾವೀನೂ ಬಂದ್, ಹೊಳೀನೂ ಬಂದ್."

"ಆಗೂದಿಲ್ರಿ," ಎಂದರು ಸರ್.

ದೋಣಿಯನ್ನು ನಾವೇ ಕಟ್ಟಿದೆವು. ಬಿದಿರು ಸೀಳಿ ಬಗ್ಗಿಸಿ, ನಿಪ್ಪಾಣಿಯ ತಂಬಾಕಿನ ವಖಾರದಿಂದ ತಂದ ಹಳೆಯ ತಾಡಪತ್ರಿ ಹೊದಿಸಿ, ಡಾಂಬರು ಬಳಿದು, ಮೇಲೆ ಕೆಂಪು ಬಣ್ಣ. ಇಬ್ಬರು ಕೂರುವಷ್ಟು ಉದ್ದ. ನೋಡಲು ಥೇಟ್ ಮೆಣಸಿನಕಾಯಿ, ಹಾಗಾಗಿ ಅದೇ ಹೆಸರಾಯಿತು. ಆದರೆ ತಾಡಪತ್ರಿಯ ತಂಬಾಕಿನ ಘಾಟು ಹೋಗಲೇ ಇಲ್ಲ. ಒಳಗೆ ಕೂತವರು ನಾಲ್ಕು ಹುಟ್ಟು ಹಾಕಿದರೆ ಐದು ಸೀನುತ್ತಿದ್ದರು. ಕೃಷ್ಣೆಯಲ್ಲಿ ಮೊದಲ ದಿನ ನಾನು ಸೀನಿದ ರಭಸಕ್ಕೇ ಅದು ಮಗುಚಿತು.

ಡಿಸೆಂಬರ್ ರಜೆಯಲ್ಲಿ ಆರು ಹುಡುಗರು, ಸರ್, ಮೆಣಸಿನಕಾಯಿ ಹೊರಟೆವು. ನಿಪ್ಪಾಣಿಯಲ್ಲಿ ಕೊಂಕಣಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಅದನ್ನು ನೋಡಿ ಹಿಂದೆ ಸರಿದ.

"ಕಾಯ್ ಹೋ ಮಾಸ್ತರ, ಹೇ ಕಾಯ್?" ಏನಿದು ಎಂದು ಕೇಳುತ್ತಲೇ ಕೈ ಮುಗಿದ. ಬಿಳಿ ಹಗ್ಗ ಸುತ್ತಿದ್ದ ಅದು ಅವನಿಗೆ ಹೆಣದ ಹಾಗೆ ಕಂಡಿರಬೇಕು.

"ದೋಣಿರಿ," ಎಂದರು ಸರ್.

ಕಂಡಕ್ಟರ್ ಕನ್ನಡಕ್ಕೆ ಇಳಿದ. "ಸಮುದ್ರದಾಗ ದೋಣಿ ಇಲ್ಲಂತ ನೀವು ನಿಪ್ಪಾಣಿಯಿಂದ ಒಯ್ಯಾಕತ್ತೀರೇನು?" ಇಡೀ ಬಸ್ಸು ನಕ್ಕಿತು. ಸರ್ ಕೂಡ ನಕ್ಕು, ತಾವೇ ಬಸ್ಸಿನ ಟಪ್ಪಿನ ಮೇಲೆ ಹತ್ತಿ ಅದನ್ನು ಕಟ್ಟಿದರು.

ಊರಿನ ಹೆಸರು ಬೇಡ. ಒಬ್ಬ ಮೀನುಗಾರ ಅಜ್ಜನ ಅಂಗಳದಲ್ಲಿ ಇಳಿದುಕೊಂಡೆವು. ನಾನು ಸಮುದ್ರ ನೋಡಿದ್ದು ಅದೇ ಮೊದಲು. ಉಪ್ಪು ಎಂದು ಕೇಳಿದ್ದೆ, ಆದರೂ ಒಂದು ಬೊಗಸೆ ಕುಡಿದು ನೋಡಿದೆ. ಹೊಟ್ಟೆ ಕೆಟ್ಟು ಎರಡು ದಿನ ನಾನು ಬಯಲಿಗೆ ಓಡಾಡಿದ ಲೆಕ್ಕ ಇಲ್ಲಿ ಬೇಡ. ಸರ್ ಮಾತ್ರ ಆ ಅಜ್ಜನ ಹಿಂದೆ ಬಿದ್ದು, ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ ಎಂಬುದನ್ನೆಲ್ಲ ಕೇಳಿ ತಿಳಿದರು. ಮರಳಿನಲ್ಲಿ ಕೋಲು ನೆಟ್ಟು ಇಡೀ ದಿನ ಅದರ ಪಕ್ಕ ಕೂತರು. ಸಂಜೆಗೆ ನಮ್ಮನ್ನು ಬಂಡೆಗಳ ಹತ್ತಿರ ಕರೆದುಕೊಂಡು ಹೋದರು. ಬಂಡೆಯ ಕೆಳಭಾಗ ಕರ್ರಗೆ, ಚಿಪ್ಪು ಅಂಟಿ ಒರಟಾಗಿತ್ತು. ಮೇಲಿನ ಭಾಗ ಕೆಂಪಗೆ, ಒಣ. ನಡುವೆ ದಾರ ಹಿಡಿದು ಎಳೆದ ಹಾಗೆ ಒಂದು ಗೆರೆ.

"ಇದು ಕರೀ ಗೆರಿ," ಎಂದರು. "ನಮ್ಮ ಬಾವ್ಯಾಗ ಪಾಚಿ ಗೆರಿ ಇದ್ದಂಗ. ನೀರು ಇಲ್ಲೀ ತನಕ ಬರತೈತಿ, ಇದರ ಮ್ಯಾಲ ಬರೂದಿಲ್ಲ. ಗೆರಿ ಮ್ಯಾಲ ಇದ್ದದ್ದು ನಮ್ದು, ಕೆಳಗ ಇದ್ದದ್ದು ಅದರದು. ತಿಳೀತ?"

ಚಪ್ಪಾಳೆ ತಟ್ಟಿದರು.

ಮರುದಿನ ಬೆಳಿಗ್ಗೆ ನನ್ನ ಸರದಿ. ಉಳಿದವರು ಊರಿನ ದಂಡೆಯಲ್ಲೇ ಇದ್ದರು. ಸರ್ ಮತ್ತು ನಾನು ಇಬ್ಬರೇ ಸೀನುತ್ತ ಸೀನುತ್ತ, ಸಮುದ್ರದೊಳಗೆ ಚಾಚಿದ್ದ ಕಲ್ಲಿನ ಮೂಗನ್ನು ಸುತ್ತಿ ಆ ಕಡೆಯ ಸಣ್ಣ ಕೊಲ್ಲಿಗೆ ಹೋದೆವು. ಮೂರು ಕಡೆ ಗೋಡೆಯಂಥ ಬಂಡೆ, ನಡುವೆ ನಮ್ಮ ಮನೆಯ ಅಂಗಳದಷ್ಟು ಮರಳು. ನೀರು ಪೂರಾ ಇಳಿದಿತ್ತು. ಮರಳು ಏರಿ ಹೋದ ಮೂಲೆಯಲ್ಲಿ, ಗೆರೆಗಿಂತ ಮೇಲೆ, ಒಂದು ಚಪ್ಪಟೆ ಕಲ್ಲು. ಸರ್ ಅದನ್ನು ಬೆರಳಿನಿಂದ ತೋರಿಸಿದರು.

"ದೋಣಿ ಗೆರೀ ಮ್ಯಾಲ ತನಕ ಜಗ್ಗಿ ಆ ಕಲ್ಲಿನ ಮ್ಯಾಲ ಇಡು. ನಾ ಮ್ಯಾಲ ಹಗ್ಗಾ ಕಟ್ಟತೀನಿ."

ಚಪ್ಪಾಳೆ. ತಿರುಗಿ ಗೋಡೆ ಹತ್ತತೊಡಗಿದರು. ಹಿಂದಕ್ಕೆ ನೋಡಲಿಲ್ಲ.

ಎಳೆಯಬೇಕಾದದ್ದು ಇಪ್ಪತ್ತು ಹೆಜ್ಜೆ. ನಾನು ಎಳೆದದ್ದು ಆರು. ಆಮೇಲೆ ಮೆಣಸಿನಕಾಯಿಯ ಮೇಲೆಯೇ ಕೂತು ಅವ್ವ ಕಟ್ಟಿಕೊಟ್ಟಿದ್ದ ಶೇಂಗಾ ಹೋಳಿಗೆ ತಿಂದೆ. ಸೋಮಾರಿತನ ಹೌದು, ಆದರೆ ಅದೊಂದೇ ಅಲ್ಲ. ನಮ್ಮ ಕಡೆ ನೀರು ಒಂದು ಸಲ ಇಳಿಯಿತೆಂದರೆ ಇಳಿಯಿತು. ದೀಪಾವಳಿಗೆ ದಂಡೆಯಲ್ಲಿ ಬಿಟ್ಟ ದೋಣಿ ಯುಗಾದಿಗೂ ಅಲ್ಲೇ ಇರುತ್ತದೆ, ಹೊಳೆಯೇ ಇನ್ನೂ ಹತ್ತು ಮಾರು ಆಚೆ ಹೋಗಿರುತ್ತದೆ. ಸಮುದ್ರ ಮಧ್ಯಾಹ್ನವೇ ಮರಳಿ ಬರುತ್ತದೆ ಎಂದು ಸರ್ ಹೇಳಿದ್ದನ್ನು ನನ್ನ ಕಿವಿ ಕೇಳಿತ್ತು. ನನ್ನ ಮೈಯೊಳಗಿನ ಕೃಷ್ಣೆ ಒಪ್ಪಿರಲಿಲ್ಲ.

ಆಮೇಲೆ ಹಗ್ಗ ಕಟ್ಟಿಕೊಂಡು ಹತ್ತಿದೆ. ಎರಡು ಆಳು ಎತ್ತರದಲ್ಲಿ ಒಂದು ಚಾಚು ಕಲ್ಲು, ಇಬ್ಬರು ಒತ್ತಿಕೊಂಡು ಕೂರುವಷ್ಟು. ಅದನ್ನು ಮುಟ್ಟಲು ನನಗೆ ಒಂದು ತಾಸು ಹಿಡಿಯಿತು. ಮುಟ್ಟಿದ ಮೇಲೆ ಬಂಡೆಗೆ ಅಂಟಿಕೊಂಡೆ. ಸರ್ ಏನು ಹೇಳಿದರೂ ನನ್ನ ಕೈ ಬಿಡಲಿಲ್ಲ, ಕಾಲು ಏಳಲಿಲ್ಲ.

"ಒಂದ ಹೆಜ್ಜಿ ಕೆಳಗ ಇಡಪಾ."

"ಎಲ್ಲಿ ಇಡ್ಲಿರಿ? ಎರಡೂ ಕಾಲು ನನ್ನ ಕಡೆ ಇಲ್ಲರಿ."

ಹೀಗೆಯೇ ಇನ್ನೊಂದು ತಾಸು ಹೋಯಿತು. ಸರ್ ಬೆನ್ನು ತಟ್ಟಿದರು, ನಿಧಾನ ಎಂದರು, ತಾವೇ ನನ್ನ ಪಕ್ಕಕ್ಕೆ ಬಂದು ಕೂತರು. ಆಗ ನಾನು ಕೆಳಗೆ ನೋಡಿದೆ. ಮರಳು ಇರಲಿಲ್ಲ. ಮೆಣಸಿನಕಾಯಿ ಕೊಲ್ಲಿಯ ಬಾಯಿಯಲ್ಲಿ ಕೆಂಪಗೆ ತೇಲುತ್ತ, ನಮ್ಮನ್ನು ಬಿಟ್ಟು ಹೊರಟಿತ್ತು.

ನಾನು ಹೇಳುತ್ತ ಬಂದ ಕಥೆ ಇಲ್ಲಿಂದ ತೆರೆಗಳ ಕಡೆಗೆ, ನನ್ನ ಬೊಬ್ಬೆಯ ಕಡೆಗೆ, ಚಡ್ಡಿಯ ಕಡೆಗೆ ಹೋಗುತ್ತದೆ. ನಡೆದದ್ದು ಇಷ್ಟು. ಸರ್ ದೋಣಿಯನ್ನು ನೋಡಿದರು. ಎದುರು ಬಂಡೆಯ ಗೆರೆಯನ್ನು ನೋಡಿದರು. ನೀರು ಗೆರೆಗಿಂತ ಎಷ್ಟೋ ಕೆಳಗಿತ್ತು. ಚಪ್ಪಟೆ ಕಲ್ಲು ಬಂಡೆಯ ಒಂದು ಮಡಿಕೆಯ ಆಚೆ ಇದ್ದುದರಿಂದ ನಾವು ಕೂತಲ್ಲಿಂದ ಕಾಣುತ್ತಿರಲಿಲ್ಲ.

"ಗೆರೀ ಮ್ಯಾಲ ಇಟ್ಟಿದ್ದಿಲ್ಲೋ?" ಎಂದರು. ಗದರಿಸಲಿಲ್ಲ. ಸುಮ್ಮನೆ ಕೇಳಿದರು.

"ಇಟ್ಟಿದ್ದೆರಿ," ಎಂದೆ.

ಅವರ ಮುಖ ಬಿಳಚಿತು. ಬೈಗುಳಕ್ಕೆ ಹೆದರಿ ಆಡಿದ ಒಂದೇ ಶಬ್ದ ಅದು. ಅದರ ಅರ್ಥವೇನು ಎಂದು ನನಗೆ ಹೊಳೆದದ್ದು ಅವರ ಮುಖ ನೋಡಿದ ಮೇಲೆ. ಗೆರೆಯ ಮೇಲಿದ್ದ ದೋಣಿಯನ್ನು ಯಾವುದೋ ಒಂದು ತೆರೆ ಬಂದು ಒಯ್ದಿದೆ, ನೀರು ಇನ್ನೂ ಅರ್ಧವೂ ಏರಿಲ್ಲ. ಅಂದರೆ ಗೆರೆ ಸುಳ್ಳು. ನಾವು ಕೂತ ಕಲ್ಲು ಗೆರೆಗಿಂತ ಎರಡೇ ಮೊಳ ಮೇಲಿತ್ತು. ಗೆರೆ ಸುಳ್ಳಾದರೆ ಆ ಎರಡು ಮೊಳವೂ ಸುಳ್ಳು. ನನಗೆ ಈಜು ಬರುತ್ತಿತ್ತು, ಹೊಳೆಯ ಈಜು. ಆ ಬಂಡೆಗಳ ನಡುವೆ ಅದು ನಡೆಯುತ್ತಿರಲಿಲ್ಲ.

"ಇಲ್ಲಿ ಕುಂದ್ರಾಕ ಆಗೂದಿಲ್ಲ," ಎಂದರು ಸರ್. "ನಾ ಮ್ಯಾಲ ಹೋಗಿ ಹಗ್ಗಾ ಬಿಡ್ತೀನಿ. ನಿನ್ನ ಜಗ್ಗತೀನಿ."

ಮೇಲಿನ ಕಲ್ಲು ಹೊರಗೆ ಬಾಗಿತ್ತು. ಕೈ ಇಟ್ಟರೆ ಪುಡಿಯಾಗುವ ಕೆಂಪು ಕಲ್ಲು. ಬೆಳಿಗ್ಗೆ ಅವರೇ ಅದನ್ನು ಮುಟ್ಟಿ ನೋಡಿ, "ಇದು ಬ್ಯಾಡ" ಅಂದಿದ್ದರು.

ಆ ಹೊತ್ತಿನಲ್ಲಿ ನನ್ನ ಬಾಯಲ್ಲಿ ಒಂದು ವಾಕ್ಯ ಇತ್ತು. 'ಸರ್, ನಾ ಜಗ್ಗಿಲ್ಲರಿ, ಗೆರಿ ಖರೇ ಐತ್ರಿ, ಹತ್ತಬ್ಯಾಡ್ರಿ.' ಬಾಯಿ ತೆರೆದೆ. ಬಂದದ್ದು ಸೀನು.

ಅವರು ಹತ್ತಿದರು. ನಾನು ಹಗ್ಗವನ್ನು ಕೊಂಬಿನಂಥ ಒಂದು ಕಲ್ಲಿಗೆ ಸುತ್ತಿ ಹಿಡಿದಿದ್ದೆ. ಎರಡು ಆಳು ಮೇಲೆ ಹೋದರು. ಅವರ ಬಲಗೈ ಹಿಡಿದ ಕಲ್ಲು ಬೆಲ್ಲದ ಅಚ್ಚಿನ ಹಾಗೆ ಕಿತ್ತು ಬಂತು. ಅವರು ನನ್ನ ಪಕ್ಕದಿಂದಲೇ ಕೆಳಗೆ ಹೋಗಿ, ಹಗ್ಗ ಬಿಗಿದು, ಬಂಡೆಗೆ ಬಡಿದು ನಿಂತರು. ಹೇಗೋ ಜಗ್ಗಿ ಮೇಲೆ ತಂದೆ. ಬಲ ಭುಜ ಜಾಗ ಬಿಟ್ಟು ಮುಂದಕ್ಕೆ ಬಂದಿತ್ತು.

ಆಮೇಲಿನ ತಾಸುಗಳಲ್ಲಿ ಸರ್ ಬಂಡೆಗೆ ಮುಖ ಮಾಡಿ, ಕಣ್ಣು ಮುಚ್ಚಿ ಒರಗಿದ್ದರು. ನೋವಿಗೆ ಕಿವಿಯ ಹಿಂದೆ ಬೆವರು ಇಳಿಯುತ್ತಿತ್ತು. ನಾನು ನೀರು ನೋಡುತ್ತಿದ್ದೆ. ಒಂದೊಂದು ಗೇಣು ಏರಿತು. ಸಿಡಿದ ಹನಿಗಳು ನಮ್ಮಿಬ್ಬರನ್ನೂ ತೋಯಿಸಿದವು. ಮಧ್ಯಾಹ್ನ ದಾಟುವಾಗ ನೀರು ನಿಂತಿತು. ಎದುರು ಬಂಡೆಯಲ್ಲಿ ಕಣ್ಣು ನೆಟ್ಟು ನೋಡಿದೆ. ಗೆರೆಗಿಂತ ನಾಲ್ಕು ಬೆರಳು ಕೆಳಗೆ. ಬಹಳ ಹೊತ್ತು ಅಲ್ಲೇ ಆಡುತ್ತಿತ್ತು, ಮೇಲೆ ಬರಲಿಲ್ಲ.

"ಗೆರಿ ದಾಟಿತೇನು?" ಎಂದು ಸರ್ ಕಣ್ಣು ತೆರೆಯದೆ ಕೇಳಿದರು.

ಇಲ್ಲ ಎಂದರೆ ಮೊದಲಿನ ಸುಳ್ಳು ಹೊರಗೆ ಬರುತ್ತದೆ. ಆ ಸುಳ್ಳಿಗಾಗಿಯೇ ಈ ಭುಜ.

"ದಾಟಿತ್ರಿ," ಎಂದೆ. "ಒಂದ ಗೇಣು."

"ನನ್ನ ಲೆಕ್ಕ ತಪ್ಪಿತು," ಎಂದರು. ಆಮೇಲೆ ಎಡಗೈಯಿಂದ ನನ್ನ ಸೊಂಟದ ಗಂಟನ್ನು ತಡವಿ ನೋಡಿದರು, ಸಡಿಲಾಗಿದೆಯೋ ಎಂದು. "ಅಂಜಬ್ಯಾಡ. ನಾ ಅದೀನಿ."

ಎಡಕ್ಕೆ ಬಂಡೆ, ಬಲಕ್ಕೆ ಬಂಡೆ, ಕೆಳಗೆ ನೀರು. ಆದರೂ ನನ್ನನ್ನು ಹಿಡಿದಿಟ್ಟದ್ದು ಅವು ಯಾವುವೂ ಅಲ್ಲ. ಆ ನೀರು ಸಂಜೆಗೆ ಇಳಿಯಿತು, ನಾವು ಸೊಂಟದ ಆಳದಲ್ಲಿ ಕಲ್ಲಿನ ಮೂಗು ಸುತ್ತಿ ಊರಿನ ದಂಡೆ ಸೇರಿದೆವು. ಪಾರಿಸ ಓಡಿ ಬಂದು ಸರ್ ಅವರನ್ನು ಹಿಡಿದ. ಮೆಣಸಿನಕಾಯಿಯ ಚೂರುಗಳನ್ನು ಅಜ್ಜ ಮರುದಿನ ತಂದುಕೊಟ್ಟ. ನಾನು ಮಾತ್ರ ಆ ಚಾಚು ಕಲ್ಲಿನಿಂದ ಇಳಿಯಲಿಲ್ಲ.

ಕಾಲೇಜು ತೆರೆದ ದಿನ ಪ್ರಾಚಾರ್ಯರು ನಮ್ಮಿಬ್ಬರನ್ನೂ ಕರೆಸಿದರು. ಸರ್ ಅವರ ಬಲಗೈ ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿತ್ತು.

"ನೀ ಹೇಳಪಾ," ಎಂದರು ನನಗೆ. "ಸರ್ ದೋಣಿ ಎಲ್ಲಿ ಇಡಂದಿದ್ರು?"

"ಗೆರೀ ಮ್ಯಾಲರಿ."

"ಇಟ್ಟಿದ್ದೆ?"

ನಾನು ಬಾಯಿ ತೆರೆಯುವ ಮೊದಲೇ ಸರ್ ಮಾತಾಡಿದರು. "ಹುಡುಗನ್ನ ಯಾಕ ಕೇಳ್ತೀರಿ ಸಾಹೇಬ್ರ? ಅಂವ ಹೇಳಿದಂಗ ಮಾಡ್ಯಾನ. ನಾ ನೀರು ತಪ್ಪ ಓದೀನಿ. ಓದಾಕ ಬರದಾಂವ ಮಂದಿ ಮಕ್ಕಳನ್ನ ನೀರಿಗೆ ಒಯ್ಯಬಾರದು." ಹಗ್ಗ, ಈಜುಬುರುಡೆ ಇಡುವ ಕೋಣೆಯ ಕೀಲಿಯನ್ನು ಎಡಗೈಯಿಂದ ಮೇಜಿನ ಮೇಲೆ ಇಟ್ಟರು. ಪ್ರಾಚಾರ್ಯರು ಕೇಳುವ ಮೊದಲೇ.

ನಾನು ಗೋಣು ಹಾಕಿದೆ. ಹೌದು ಎಂಬಂತೆ.

ಹೊರಗೆ ಬಂದ ಮೇಲೆ ಹುಡುಗರು ಸುತ್ತುವರಿದು "ಏನಾತಲೇ" ಎಂದು ಕೇಳಿದರು. ಅವತ್ತೇ ನಾನು ಆ ಕಥೆಯನ್ನು ಮೊದಲ ಸಲ ಹೇಳಿದ್ದು. ನಾನೆಷ್ಟು ಹೆದರಿದೆ, ಹೇಗೆ ಅತ್ತೆ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಗುವವರು ಪ್ರಶ್ನೆ ಕೇಳುವುದಿಲ್ಲ ಎಂಬುದು ನನಗೆ ಅಲ್ಲಿ ತಿಳಿಯಿತು. ಆಮೇಲೆ ನಿಲ್ಲಿಸಲೇ ಇಲ್ಲ.

ಸರ್ ಅವರ ಭುಜ ಕೂಡಿತು, ಆದರೆ ಬಲಗೈ ಕಿವಿಗಿಂತ ಮೇಲೆ ಏಳಲಿಲ್ಲ. ಚಪ್ಪಾಳೆ ತಟ್ಟುವುದಕ್ಕೆ ಅಡ್ಡಿ ಇರಲಿಲ್ಲ, ಆದರೂ ತಟ್ಟುವುದನ್ನು ಬಿಟ್ಟರು. ಹುಡುಗರಿಗೆ ಹೇಳಿದ್ದನ್ನು ಎರಡೆರಡು ಸಲ ಹೋಗಿ ನೋಡತೊಡಗಿದರು. ಮುಂದಿನ ಮಳೆಗಾಲ ಹೊಳೆ ಏರಿದಾಗ ಊರಿನ ಹಿರಿಯರು ಎಂದಿನಂತೆ ಮನೆ ಮುಂದೆ ಬಂದು ನಿಂತರಂತೆ. "ನನ್ನ ಕೇಳಬ್ಯಾಡ್ರಿ. ನನಗ ಗೊತ್ತಾಗೂದಿಲ್ಲ," ಎಂದು ಸರ್ ಒಳಗೆ ಹೋದರಂತೆ. ಜನ ದನಕರು ಹೊಡೆದುಕೊಂಡು ದಿಬ್ಬದ ಮೇಲೆ ಮೂರು ದಿನ ಮಳೆಯಲ್ಲಿ ನೆನೆದರು. ನೀರು ಊರಿನ ಮೊದಲ ಮನೆಯನ್ನೂ ಮುಟ್ಟಲಿಲ್ಲ. ಇದನ್ನು ಪಾರಿಸ ನನಗೆ ಹೇಳಿದ. ನಾನು ಅದಕ್ಕೂ ಒಂದು ತಮಾಷೆ ಮಾಡಿದೆ. ಏನೆಂದು ನೆನಪಿಲ್ಲ.

ಭಾಷಣ ಬರೆಯಲು ಕೂತಾಗ ನಾಲ್ಕು ಸಾಲು ಚೆನ್ನಾಗಿಯೇ ಬಂದವು. ಐದನೆಯದಕ್ಕೆ ಪೆನ್ನು ಮುಚ್ಚಿ, ಹೋದ ರವಿವಾರ ಅವರ ಊರಿಗೆ ಹೋದೆ.

ಸರ್ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದರು. ನನ್ನನ್ನು ನೋಡಿ ಅವರಿಗೆ ಖುಷಿಯಾಯಿತು. "ಬಾರಪಾ ಭಾಷಣಕಾರ! ಕೇಳಿದೇನ, ಯಾರ ಬಂದಾರ ನೋಡಿಲ್ಲಿ!" ಎಂದು ಒಳಗೆ ಕೂಗಿದರು.

ಕಾಕೂ ಒಳಗಿನಿಂದಲೇ ನಕ್ಕರು. "ಚಡ್ಡೀ ಕಥಿ ಹೇಳಾಂವ ಹೌದಿಲ್ಲೋ? ತಡಿಯಪಾ, ಚಾ ತರತೀನಿ." ತಂದು ನನ್ನ ಮುಂದೆ ಕಪ್ಪು ಇಟ್ಟು, ಬಾಗಿಲಲ್ಲಿ ನಿಂತರು. ಕಥೆ ಕೇಳಲು ಎಂದು ಕಾಣುತ್ತದೆ.

ನಾನು ಬಗ್ಗಿ ನೆಲ ನೋಡುತ್ತ ಹೇಳಿದೆ. ಆರು ಹೆಜ್ಜೆ. ಹೋಳಿಗೆ. ಚಾಚು ಕಲ್ಲಿನ ಮೇಲೆ ಆಡಿದ ಎರಡು ಸುಳ್ಳು. ಪ್ರಾಚಾರ್ಯರ ಮುಂದೆ ಹಾಕಿದ ಗೋಣು. ಎಲ್ಲೂ ಹಿಗ್ಗಿಸಲಿಲ್ಲ. ಹೇಳಿ ಮುಗಿಸಲು ಎರಡು ನಿಮಿಷವೂ ಬೇಕಾಗಲಿಲ್ಲ.

ಸರ್ ಕೈಯಲ್ಲಿದ್ದ ಶೇಂಗಾ ಅರ್ಧ ಸುಲಿದು ನಿಂತಿತ್ತು.

"ಅಂದ್ರ ಜಗ್ಗಿರಲಿಲ್ಲ."

"ಇಲ್ಲರಿ."

"ಮತ್ತ ಮಧ್ಯಾನ್ಹ? ಒಂದ ಗೇಣು ದಾಟಿತ್ರಿ ಅಂದ್ಯಲ್ಲಾ?"

"ದಾಟಿರಲಿಲ್ಲರಿ. ಕೆಳಗ ನಿಂತಿತ್ತರಿ."

"ಎಷ್ಟು ಕೆಳಗ?"

ಕಪಾಳಕ್ಕೆ ಹೊಡೆಯುತ್ತಾರೆ ಎಂದುಕೊಂಡು ಬಂದಿದ್ದೆ. ಈ ಪ್ರಶ್ನೆಗೆ ತಯಾರಿರಲಿಲ್ಲ.

"ನಾಕ ಬೆರಳರ‍್ರಿ."

"ಬರೋಬ್ಬರಿ ನೋಡಿದ್ದೆ?"

"ಬರೋಬ್ಬರಿ ನೋಡಿದ್ದೆರಿ. ಭಾಳ ಹೊತ್ತು ನೋಡಿದ್ದೆ."

"ನಾಕ ಬೆರಳು," ಎಂದರು. ಮೊರ ಸರಿಸಿ ಎದ್ದರು. ಎಡಗೈಯ ನಾಲ್ಕು ಬೆರಳು ಜೋಡಿಸಿ, ಕಟ್ಟೆಯ ಗೋಡೆಗೆ ಸುಣ್ಣ ಮತ್ತು ಕೆಮ್ಮಣ್ಣು ಕೂಡುವ ಜಾಗದ ಕೆಳಗೆ ಇಟ್ಟು ನೋಡಿದರು. "ಕೇಳಿದೇನ? ಗೆರಿ ಖರೇ ಇತ್ತಂತ! ನಾಕ ಬೆರಳು ಕೆಳಗ ನಿಂತಿತ್ತಂತ! ನಾ ಬರೋಬ್ಬರಿ ಓದಿದ್ದೆ!"

ಕಾಕೂ ಕೇಳಿದ್ದರು. ಅವರು ಗೋಡೆಯನ್ನು ನೋಡಲಿಲ್ಲ, ಸರ್ ಅವರ ಏಳದ ಬಲಗೈಯನ್ನು ನೋಡಿದರು, ಆಮೇಲೆ ನನ್ನನ್ನು. ಹೊರಗೆ ಬಂದು, ನಾನಿನ್ನೂ ಮುಟ್ಟದಿದ್ದ ಚಹಾದ ಕಪ್ಪನ್ನು ನನ್ನ ಮುಂದಿನಿಂದ ಎತ್ತಿಕೊಂಡು ಒಳಗೆ ಹೋದರು.

ಸರ್‌ಗೆ ಅದು ಕಾಣಲಿಲ್ಲ. ಅವರು ಇನ್ನೂ ಬೆರಳು ಇಟ್ಟು ಗೋಡೆಯನ್ನೇ ನೋಡುತ್ತಿದ್ದರು.